ಹಾಡಿಗಿಂತ ಮೊದಲೇ ಮುಗಿಸಿದವಳು

ನಮ್ಮ ಮನೆತನದಲ್ಲಿ ಮೊಟ್ಟಮೊದಲು ಪದವಿ ಪಡೆದವಳು ನಾನು ಎಂಬ ಸಂಗತಿಯನ್ನು ಹೆಮ್ಮೆಯಿಂದಲ್ಲ, ವೈದ್ಯರ ಮುಂದೆ ಕಾಯಿಲೆಯ ಹಿನ್ನೆಲೆ ಹೇಳಿಕೊಳ್ಳುವ ಧಾಟಿಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ನನ್ನಂಥವರು ಎಲ್ಲಿಗೂ ಸಮಯಕ್ಕೆ ಸರಿಯಾಗಿ ಹೋಗಲಾರರು. ಬಹಳ ಮೊದಲೇ ಹೋಗುತ್ತಾರೆ. ಇಲವಾಲದಿಂದ ಮೈಸೂರಿನ ಕಾಲೇಜಿಗೆ ಓಡಾಡುತ್ತಿದ್ದ ದಿನಗಳಲ್ಲಿ, ಬಸ್ಸು ತಪ್ಪಿದರೆ ಪರೀಕ್ಷೆ ತಪ್ಪುತ್ತದೆ, ಪರೀಕ್ಷೆ ತಪ್ಪಿದರೆ ವರ್ಷ ತಪ್ಪುತ್ತದೆ, ವರ್ಷ ತಪ್ಪಿದರೆ ಮನೆಯವರು ಮದುವೆ ಮಾಡಿಬಿಡುತ್ತಾರೆ ಎಂಬ ತರ್ಕ ನನ್ನ ಎಲುಬಿನಲ್ಲಿ ಇಳಿದುಹೋಗಿತ್ತು. ಆದಕಾರಣ ಹೋಗಬೇಕಾದ ಬಸ್ಸಿಗಿಂತ ಎರಡು ಬಸ್ಸು ಮುಂಚಿನದನ್ನೇ ಹಿಡಿಯುತ್ತಿದ್ದೆ. ಈಗ ಮೂವತ್ತೊಂದು ವರ್ಷ ವಯಸ್ಸಾಗಿ, ಪರೀಕ್ಷಾ ವಿಭಾಗವೊಂದರಲ್ಲಿ ಕಾಯಂ ನೌಕರಿಯಿದ್ದೂ ಆ ಅಭ್ಯಾಸ ಬಿಟ್ಟಿಲ್ಲ. ಸಹೋದ್ಯೋಗಿಯ ಆರತಕ್ಷತೆಗೆ ಎಷ್ಟು ಬೇಗ ಹೋಗಿದ್ದೆನೆಂದರೆ, ಛತ್ರದವರು ನನ್ನನ್ನು ಅಡುಗೆಯವರ ಕಡೆಯವಳೆಂದು ಭಾವಿಸಿ ಕುರ್ಚಿ ಹಾಕಲು ಹೇಳಿದರು. ನಾನು ಹಾಕಿದೆ. ಸಾಲು ನೇರವಾಗಿ ಬಂದಿದೆಯೆಂದು ಅವರು ಮೆಚ್ಚಿಕೊಂಡಾಗ ಸಂತೋಷವೂ ಆಯಿತು.

ಇಂಥವಳು ಡ್ರಮ್ಸ್ ಕಲಿಯಲು ಹೊರಟಿದ್ದು ಹೇಗೆಂದು ತಾವು ಕೇಳಬಹುದು. ಬೋಗಾದಿಯಲ್ಲಿ ನಾನು ಬಾಡಿಗೆಗಿರುವ ಮನೆಯಿಂದ ಬಸ್‌ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಬೇಕರಿಯ ಮೇಲ್ಮಹಡಿಯಲ್ಲಿ, ಒಂದು ಸಂಗೀತ ಶಾಲೆಯಿದೆ. ಬಸ್ಸಿಗೆ ಮುಂಚಿತವಾಗಿ ಬಂದು ನಿಂತವಳಿಗೆ ಪ್ರತಿ ಬೆಳಿಗ್ಗೆ ಅಲ್ಲಿಂದ ಡ್ರಮ್ಮಿನ ಸದ್ದು ಕೇಳಿಸುತ್ತಿತ್ತು. ಬೀದಿಯ ಧೂಳು, ಅರ್ಧ ಕಟ್ಟಿದ ಮನೆಗಳು, ತಂತಿಯ ಮೇಲಿನ ಕಾಗೆಗಳು ಎಲ್ಲವೂ ಆ ಸದ್ದಿನೊಳಗೆ ನಿಧಾನವಾಗಿ ತೇಲುತ್ತಿರುವಂತೆ ಭಾಸವಾಗುತ್ತಿತ್ತು. ಒಂದು ದಿನ ನನ್ನ ಕಾಲುಗಳೇ ಮೆಟ್ಟಿಲು ಹತ್ತಿದವು. ಅಣ್ಣನ ಮಗಳನ್ನು ಸೇರಿಸಬೇಕಾಗಿದೆ ಎಂದು ವಿಚಾರಿಸಿದೆ. ನನಗೆ ಅಣ್ಣನೇ ಇಲ್ಲ. ಮೇಷ್ಟ್ರು ತಾನಾಗಿಯೇ ತಾಳ ಹಾಕುತ್ತಿದ್ದ ನನ್ನ ಕೈಯನ್ನೊಮ್ಮೆ ನೋಡಿ, "ಅಣ್ಣನ ಮಗಳು ಬರೋವರ್ಗೂ ನೀವೇ ಕೂತ್ಕೊಂಡು ನೋಡಿ ಮೇಡಂ" ಎಂದು ಕೋಲು ಕೊಟ್ಟರು. ಎಂಟು ತಿಂಗಳಾದವು, ಆ ಹುಡುಗಿ ಇನ್ನೂ ಬಂದಿಲ್ಲ. ಗಾರೆ ಕೆಲಸ ಮಾಡುವ ನನ್ನ ತಂದೆಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು, "ಅದಕ್ಕೂ ಪರೀಕ್ಷೆ ಐತಾ ಮಗಾ?" ಎಂದರು. ಇಲ್ಲವೆಂದೆ. "ಮತ್ತೆ ಪಾಸಾದ್ದು ಎಂಗೆ ಗೊತ್ತಾಯ್ತದೆ?" ಎಂದರು.

ಮೇಷ್ಟ್ರ ಶಿಫಾರಸಿನಿಂದಲೇ ಯಾದವಗಿರಿಯ ತಂಡವೊಂದರ ಪರಿಚಯವಾಯಿತು. ಹಿಂದೆ ಅರಮನೆಯ ಸೇವೆಯಲ್ಲಿದ್ದ ಮನೆತನದ ದೊಡ್ಡ ಬಂಗಲೆ; ಅದರ ಕಾರ್ ಶೆಡ್ಡಿನಲ್ಲಿ ಭಾನುವಾರದ ಅಭ್ಯಾಸ. ಗಿಟಾರು ನುಡಿಸುವ ರಘುನಂದನ್ ಮನೆಯ ಯಜಮಾನರು, ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. ಹಾಡುವವರು ಮೇಘನಾ, ವೃತ್ತಿಯಿಂದ ದಂತವೈದ್ಯೆ. ಅವರ ಡ್ರಮ್ಮರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಬಡಾವಣೆಯ ವಾರ್ಷಿಕ ಸಮಾರಂಭದಲ್ಲಿ ನುಡಿಸಲು ಅವರು ಆರಿಸಿಕೊಂಡಿದ್ದ ರಾಕ್ ಹಾಡು ಎಂಟು ನಿಮಿಷದ್ದು. ನಾಲ್ಕರ ಎಣಿಕೆಯಲ್ಲಿ ಸುಮ್ಮನೆ ನಡೆದುಬರುತ್ತಿರುವ ಹಾಡು, ನಡುವೆ ಯಾವ ಮುನ್ಸೂಚನೆಯನ್ನೂ ಕೊಡದೆ ಏಳರ ಎಣಿಕೆಗೆ ಹಾರಿ, ಕೇಳುವವರ ಎದೆ ಝಲ್ಲೆನಿಸಿ, ಮತ್ತೆ ನಾಲ್ಕಕ್ಕೆ ಮರಳುತ್ತದೆ. "ಇದು ಬರುತ್ತಾ ನಿಮಗೆ?" ಎಂದು ರಘುನಂದನ್ ಕೇಳಿದರು. ಬರುವುದಿಲ್ಲವೆಂದು ಹೇಳಬೇಕಾಗಿತ್ತು. "ಬರುತ್ತದೆ ಸರ್" ಎಂದೆ. ನನ್ನ ಅಂಕಪಟ್ಟಿಯನ್ನಾಗಲಿ, ಜಾತಿ ಪ್ರಮಾಣಪತ್ರವನ್ನಾಗಲಿ, ಎರಡು ಭಾವಚಿತ್ರಗಳನ್ನಾಗಲಿ ಕೇಳದೆ ನನ್ನನ್ನು ಒಳಗೆ ಕೂರಿಸಿಕೊಂಡ ಮೊದಲ ಜಾಗ ಅದು. ಅಲ್ಲಿಂದ ಎದ್ದು ಹೋಗಲು ನನಗೆ ಮನಸ್ಸಿರಲಿಲ್ಲ.

ಮುಂದಿನ ಆರು ದಿನ ನನಗೆ ಗೊತ್ತಿದ್ದ ಏಕೈಕ ವಿಧಾನದಲ್ಲಿ ಸಿದ್ಧತೆ ನಡೆಸಿದೆ. ಇನ್ನೂರು ಪುಟದ ನೋಟುಪುಸ್ತಕ ತಂದು, ಅಂಚಿಗೆ ಕೆಂಪು ಗೆರೆ ಎಳೆದು, ಹಾಡನ್ನು ಅಧ್ಯಾಯಗಳಾಗಿ ವಿಂಗಡಿಸಿದೆ. ಏಳರ ಭಾಗ ಹತ್ತು ಅಂಕದ ಪ್ರಶ್ನೆ, ಖಂಡಿತ ಕೇಳುತ್ತಾರೆ. ಅದನ್ನು ಮೂರು ಮತ್ತು ನಾಲ್ಕಾಗಿ ಒಡೆದು, ಬಲಗೈ ಏನು ಮಾಡಬೇಕು, ಎಡಗಾಲು ಎಲ್ಲಿ ಸುಮ್ಮನಿರಬೇಕು ಎಂಬುದನ್ನೆಲ್ಲ ಬರೆದು, ಕುದಿಯುವ ಹಾಲಿನ ಮುಂದೆ, ಕಚೇರಿಯ ಅಂಚೆ ವಿಲೇವಾರಿಯ ನಡುವೆ, ಬಸ್ಸಿನ ಕಿಟಕಿಯ ಗಾಜು ಗಡಗಡಿಸುವಾಗ ಬಾಯಿಪಾಠ ಮಾಡಿದೆ. ನಾಲ್ಕರ ಭಾಗವನ್ನು ಓದಲೇ ಇಲ್ಲ. ಅದು ಬರೀ ಒಂದು ಅಂಕದ ಪ್ರಶ್ನೆ. ಹಾಲ್‌ಗೆ ಹೋದ ಮೇಲೆ ಹೇಗೋ ಬರೆಯಬಹುದು ಎಂದುಕೊಂಡೆ.

ಮೊದಲ ಭಾನುವಾರ ಏಳರ ಭಾಗ ನೀರಿನಂತೆ ಹರಿಯಿತು. ರಘುನಂದನ್ ಹುಬ್ಬೇರಿಸಿ ನನ್ನನ್ನು ನೋಡಿದರು. ಆ ಹುಬ್ಬೇ ನನ್ನ ಅನಾಹುತಕ್ಕೆ ಕಾರಣ. ನನ್ನ ಮನಸ್ಸು ಅಲ್ಲಿಂದ ಎದ್ದು ಸಮಾರಂಭದ ವೇದಿಕೆಗೇ ಹೋಗಿಬಿಟ್ಟಿತು: ದೀಪಗಳು, ಜನರ ಮುಖಗಳು, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ನನ್ನ ತಂದೆ. ಆ ಬೆಳಕಿನ ಕಡೆಗೆ ಕಾಲುಗಳು ತಾವಾಗಿಯೇ ಓಡತೊಡಗಿದವು. ಹಾಡಿನ ಕೊನೆಯ ನಾಲ್ಕರ ಭಾಗವನ್ನು ಮುಗಿಸಿ, ಕೋಲುಗಳನ್ನು ತೊಡೆಯ ಮೇಲೆ ಸಮಾನಾಂತರವಾಗಿಟ್ಟು, ಉತ್ತರಪತ್ರಿಕೆ ಒಪ್ಪಿಸಿದವಳಂತೆ ನೆಟ್ಟಗೆ ಕುಳಿತೆ. ಆಗ ನೋಡಿದರೆ ಉಳಿದವರು ಇನ್ನೂ ನುಡಿಸುತ್ತಿದ್ದರು! ಗಿಟಾರು ಗೊಂದಲಗೊಂಡು ನಿಂತಿತು. ಮೇಘನಾ ಕಣ್ಣು ಮುಚ್ಚಿಕೊಂಡು ಕೊನೆಯ ಎರಡು ಸಾಲುಗಳನ್ನು ಒಬ್ಬರೇ, ಅನಾಥರಂತೆ, ಹಾಡಿ ಮುಗಿಸಿದರು.

"ಮಂಜುಳಾ ಅವರೇ, ನಿಮ್ ಹಾಡು ಮುಗೀತಾ? ನಮ್ದಿನ್ನೂ ಸ್ವಲ್ಪ ಇತ್ತು" ಎಂದರು ರಘುನಂದನ್.

"ಕ್ಷಮಿಸಬೇಕು ಸರ್. ನಿಗದಿತ ಅವಧಿಗಿಂತ ಮುಂಚಿತವಾಗಿ ಮುಕ್ತಾಯಗೊಂಡಿದೆ" ಎಂದೆ. ಹೆದರಿದಾಗ ನನ್ನ ಬಾಯಿಂದ ಸುತ್ತೋಲೆಯ ಭಾಷೆಯೇ ಬರುವುದು.

"ಬಸ್ಸೇನಾದ್ರೂ ಹೊರಡೋದ್ರಲ್ಲಿತ್ತೇನ್ರೀ?" ಎಂದು ಮೇಘನಾ ನಕ್ಕರು. ಎಷ್ಟು ಸರಿಯಾಗಿ ಹಿಡಿದಿದ್ದರೆಂದು ಅವರಿಗೆ ತಿಳಿದಿರಲಿಲ್ಲ. ಹೊರಡುವಾಗ ರಘುನಂದನ್ ಗೇಟಿನವರೆಗೂ ಬಂದು ಮೆಲ್ಲಗೆ, "ಇನ್ನೆರಡು ಭಾನುವಾರ ನೋಡೋಣ ಕಣ್ರೀ. ಆಗ್ದೇ ಹೋದ್ರೆ ತಾಳಕ್ಕೆ ಕಂಪ್ಯೂಟರಲ್ಲೇ ಏನೋ ಹಾಕ್ಕೊಂಡ್ಬಿಡ್ತೀವಿ. ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರಿಲ್ಲ ಸರ್ ಎಂದೆ. ಮನೆ ಸೇರುವವರೆಗೂ ಬೇಜಾರನ್ನೇ ಮಾಡಿಕೊಂಡೆ. ನನಗಿಂತ ಹೆಚ್ಚಿನ ಅಂಕ ಪಡೆದವರ ಮುಂದೆ ಸೋಲುವುದು ಅಭ್ಯಾಸವಿತ್ತು. ಕಂಪ್ಯೂಟರಿನ ಮುಂದೆ ಸೋಲುವುದು ಹೊಸದು.

ನನ್ನ ಕೋಣೆಯಲ್ಲಿ ಡ್ರಮ್ಮುಗಳಿಲ್ಲ. ಎರಡು ದಿಂಬು, ಒಂದು ರಬ್ಬರ್ ಹಾಳೆ, ಕುರ್ಚಿಗೆ ಕಟ್ಟಿದ ಮತ್ತೊಂದು ದಿಂಬು, ಅದಕ್ಕೆ ಬಡಿಯುವ ಕಾಲಿನ ಪೆಡಲು, ಇಷ್ಟೇ ನನ್ನ ವಾದ್ಯ. ದಿಂಬಿನ ಸದ್ದು ಯಾರಿಗೂ ಕೇಳಿಸದೆಂಬ ನಂಬಿಕೆಯಲ್ಲಿ ಕಚೇರಿಯಿಂದ ಬಂದೊಡನೆ ಬಡಿಯುತ್ತಿದ್ದೆ. ಆದರೆ ಪೆಡಲಿನ ಏಟು ನೆಲದ ಮೂಲಕ ನೇರವಾಗಿ ಕೆಳಗಿನ ಮನೆಗೆ ಇಳಿಯುತ್ತಿತ್ತು. ಸೋಮವಾರದ ಸಂಜೆ ಮನೆಯ ಮಾಲೀಕರಾದ ಗೌರಮ್ಮನವರು ಮೆಟ್ಟಿಲು ಹತ್ತಿಬಂದು ಬಾಗಿಲಲ್ಲಿ ನಿಂತರು. ಹಣೆಯ ತುಂಬ ವಿಭೂತಿ. ಆಗ ನನಗೆ ನೆನಪಾಯಿತು: ಸಂಜೆಯ ಆ ಹೊತ್ತು ಅವರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಜಪಕ್ಕೆ ಕೂರುವ ಸಮಯ!

"ಏನಮ್ಮಾ ಮಂಜುಳಾ, ಮೇಲೆ ಭತ್ತ ಕುಟ್ತಿದೀಯಾ?"

"ಇಲ್ಲಮ್ಮಾ, ವಾದ್ಯಾಭ್ಯಾಸ. ತಮಗೆ ಅಡಚಣೆಯಾಗಿದ್ದಲ್ಲಿ ಈ ಕ್ಷಣದಿಂದಲೇ ಸ್ಥಗಿತಗೊಳಿಸುತ್ತೇನೆ."

"ಅಯ್ಯೋ, ಸ್ಥಗಿತ ಗಿಗಿತ ಎಲ್ಲಾ ಬೇಡ ಕಣಮ್ಮ. ಒಂದು ವಾರದಿಂದ ಕೇಳ್ತಿದೀನಿ. ನೀನು ಒಂದೇ ಸಮ ಕುಟ್ಟಿದಾಗ ನನ್ನ ಓಂ ನಮಃ ಶಿವಾಯ ಅದಕ್ಕೆ ಹೊಂದ್ಕೊಂಡ್ಬುಡ್ತದೆ, ಮನಸ್ಸು ಚೆನ್ನಾಗಿ ನಿಲ್ತದೆ. ಆಮೇಲೆ ನಿಂಗೇನಾಗ್ತದೋ ಕಾಣೆ, ನಾಯಿ ಅಟ್ಟಿಸ್ಕೊಂಡು ಬಂದಂಗೆ ಓಡ್ತೀಯ. ನಿನ್ ಹಿಂದೆ ನನ್ ಜಪನೂ ಓಡ್ತದೆ. ಮೊನ್ನೆ ನೂರೆಂಟು ಮುಗಿದಾಗ ಏದುಸಿರು ಬಂದ್ಬುಟ್ಟಿತ್ತು. ಶಿವನ ಹೆಸರನ್ನ ಇಷ್ಟು ಆತುರವಾಗಿ ಹೇಳಿದ್ರೆ ಅವನೇನು ಅಂದ್ಕೊಂಡಾನು?"

ಕುಟ್ಟುವುದನ್ನು ನಿಲ್ಲಿಸಿ ಎಂದಿದ್ದರೆ ಸುಲಭವಿತ್ತು. ಕುಟ್ಟು, ಆದರೆ ನೆಟ್ಟಗೆ ಕುಟ್ಟು ಎಂದರು. ಜೊತೆಗೆ ತಮ್ಮ ಜಪವನ್ನೂ ನನ್ನ ಕಾಲಿಗೆ ಕಟ್ಟಿಹೋದರು. ಮರುದಿನದಿಂದ ಏಳರ ಭಾಗವನ್ನು ಮುಟ್ಟಲಿಲ್ಲ. ಗೌರಮ್ಮನವರ ಮನೆಯಿಂದ ಧೂಪದ ವಾಸನೆ ಕಿಟಕಿಗೆ ಏರಿಬಂದೊಡನೆ, ನಾಲ್ಕರ ಎಣಿಕೆ ಹಿಡಿದು ಬಡಿಯುತ್ತ ಕೂರುತ್ತಿದ್ದೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕಾಲು ಸ್ವಲ್ಪ ಮುಂದೋಡಲು ಹವಣಿಸಿದರೆ, ಕೆಳಗೊಬ್ಬ ಅರವತ್ತೆಂಟು ವರ್ಷದ ಹೆಂಗಸು ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಲಿಂಗ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು "ತಡೀ" ಎನ್ನುತ್ತ ಬೋಗಾದಿಯ ಬೀದಿಯಲ್ಲಿ ನನ್ನ ಹಿಂದೆ ಓಡಿಬರುತ್ತಿರುವ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ತಕ್ಷಣ ನಿಧಾನಿಸುತ್ತಿದ್ದೆ. ಬರಬರುತ್ತ ಆ ನಾಲ್ಕು ಏಟಿನ ನಡುವೆ ಎಷ್ಟೊಂದು ಜಾಗವಿದೆಯೆಂದು ಕಾಣತೊಡಗಿತು. ಒಂದು ಏಟಿಗೂ ಮತ್ತೊಂದಕ್ಕೂ ನಡುವೆ ಸಂಜೆಯ ಬೆಳಕು ಗೋಡೆಯ ಮೇಲೆ ಒಂದಿಷ್ಟು ಸರಿಯುತ್ತಿತ್ತು. ಎದುರಿನ ಕಟ್ಟಡದಲ್ಲಿ ಯಾರೋ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದರು, ಆ ನೀರು ಇಟ್ಟಿಗೆಯ ಮೇಲೆ ಕಪ್ಪಾಗಿ ಇಳಿಯುವುದನ್ನು ಪೂರ್ತಿ ನೋಡಲು ಸಮಯ ಸಿಗುತ್ತಿತ್ತು. ಇಷ್ಟು ವರ್ಷ ಮುಂಚಿತವಾಗಿ ಹೋಗಿ ನಿಂತ ಯಾವ ಜಾಗದಲ್ಲಿಯೂ ನನಗೆ ಇಷ್ಟು ಸಮಯ ಸಿಕ್ಕಿರಲಿಲ್ಲ. ಎರಡನೆಯ ಭಾನುವಾರ ಓಡುವುದು ಅರ್ಧಕ್ಕೆ ಇಳಿದಿತ್ತು. ಮೇಘನಾ ಒಂದೇ ಸಾಲನ್ನು ಅನಾಥರಂತೆ ಹಾಡಬೇಕಾಯಿತು.

ಮೂರನೆಯ ಭಾನುವಾರ ಶೆಡ್ಡಿನ ಮೂಲೆಯಲ್ಲಿ ಕಂಪ್ಯೂಟರು ತೆರೆದು ಕುಳಿತಿತ್ತು. ಅದನ್ನು ನೋಡದಿರಲು ನಿರ್ಧರಿಸಿ, ಶೆಡ್ಡಿನ ಸಿಮೆಂಟು ನೆಲವನ್ನೇ ನೋಡುತ್ತ ಕುಳಿತೆ. ಹಾಡು ಆರಂಭವಾಯಿತು. ನಾಲ್ಕು ನಡೆಯಿತು, ಏಳು ಹಾರಿತು, ಕೊನೆಯ ನಾಲ್ಕು ಬಂತು. ಬೆಳಕು, ಜನ, ಬಿಳಿ ಅಂಗಿ ಎಲ್ಲವೂ ಮತ್ತೆ ಕೈಬೀಸಿ ಕರೆದವು. ಆದರೆ ಆ ನೆಲದಡಿಯಲ್ಲಿ ಗೌರಮ್ಮನವರು ಅರೆಗಣ್ಣು ಮುಚ್ಚಿ ಕುಳಿತಿದ್ದಾರೆಂದು ನನಗೆ ಸ್ಪಷ್ಟವಾಗಿ ಅನ್ನಿಸಿಬಿಟ್ಟಿತು. ಒಂದೊಂದು ಏಟನ್ನೂ ಅವರ ಜಪದ ಮೇಲೆ ಜೋಪಾನವಾಗಿ ಇಡುತ್ತ ಹೋದೆ. ಎಣಿಸುವುದು ಯಾವಾಗ ನಿಂತಿತೋ ತಿಳಿಯದು. ಹಾಡು ಮುಗಿದಾಗ ಎಲ್ಲರೂ ಒಟ್ಟಿಗೆ ಮುಗಿಸಿದ್ದೆವು. ಶೆಡ್ಡಿನ ಹಂಚಿನ ಸಂದಿಯಿಂದ ಬಿದ್ದ ಬಿಸಿಲಿನಲ್ಲಿ ತಾಳದ ತಟ್ಟೆಯೊಂದು ಇನ್ನೂ ಸಣ್ಣಗೆ ನಡುಗುತ್ತಿತ್ತು, ಯಾರೂ ಅದನ್ನು ಮುಟ್ಟಲಿಲ್ಲ.

ರಘುನಂದನ್ ಹೋಗಿ ಕಂಪ್ಯೂಟರನ್ನು ಮುಚ್ಚಿ, "ಸಮಾರಂಭಕ್ಕೆ ಏನು ಹಾಕ್ಕೋತೀರಿ? ನಾವೆಲ್ಲ ಕಪ್ಪು" ಎಂದರು. ನಾನು ಉಳಿದೆನೆಂದು ಅದರಿಂದಲೇ ಅರ್ಥವಾಗಬೇಕಿತ್ತು. ಲಿಖಿತ ಆದೇಶಕ್ಕೆ ಕಾಯುವ ಅಭ್ಯಾಸದವಳಾದ್ದರಿಂದ ಎರಡು ಬಾರಿ ಕೇಳಿ ಖಚಿತಪಡಿಸಿಕೊಂಡೆ. ಅನಂತರ ಅವರು ಗಿಟಾರನ್ನು ಕೆಳಗಿಟ್ಟು ನನ್ನ ಪಕ್ಕಕ್ಕೆ ಸ್ಟೂಲು ಎಳೆದುಕೊಂಡರು. "ಒಂದ್ ವಿಷಯ ಹೇಳ್ತೀನಿ, ನಗ್ಬೇಡಿ. ಆ ಏಳರ ಭಾಗ ನಂಗೆ ಯಾವತ್ತೂ ಗೊತ್ತಾಗಿಲ್ಲ. ಮೂರು ವರ್ಷದಿಂದ ಅಂದಾಜಲ್ಲೇ ದಾಟಿಸ್ತಿದೀನಿ. ಈಗ ನಿಮ್ ಕಾಲು ನೋಡ್ಕೊಂಡು ನುಡಿಸ್ತೀನಿ, ಅಷ್ಟೆ. ಸ್ವಲ್ಪ ಹೇಳ್ಕೊಡ್ತೀರಾ?" ಎಂದರು. ಗೊತ್ತಿಲ್ಲವೆಂಬುದನ್ನು ಇಷ್ಟು ನಿರಾಳವಾಗಿ ಹೇಳಬಹುದೆಂದು ನನಗೆ ಯಾರೂ ಕಲಿಸಿರಲಿಲ್ಲ. ನಾನು ತಟ್ಟನೆ ಎದ್ದು ನಿಂತು ವಿವರಿಸತೊಡಗಿದೆ. "ಕೂತ್ಕೊಂಡೇ ಹೇಳ್ರೀ, ನಾವೇನು ತಪಾಸಣೆಗೆ ಬಂದಿಲ್ಲ" ಎಂದರು ಮೇಘನಾ. ಕುಳಿತೆ. ಮೂರನ್ನು ಹೇಳಿದೆ, ನಾಲ್ಕನ್ನು ಹೇಳಿದೆ, ಎರಡನ್ನೂ ಕೂಡಿಸಿ ತೋರಿಸಿದೆ. ಭೌತಶಾಸ್ತ್ರದ ಅಧ್ಯಾಪಕರು ತೊಡೆಯ ಮೇಲೆ ಬಡಿದುಕೊಂಡು ಐದನೆಯದಕ್ಕೇ ಎಡವಿದರು. ಮತ್ತೆ ಹೇಳಿದೆ, ಮತ್ತೆ ಎಡವಿದರು. ಮೂರನೆಯ ಸಲವೂ ಎಡವಿದಾಗ ಆ ಶೆಡ್ಡಿನಲ್ಲಿ ಒಂದು ಧ್ವನಿ, "ಇಷ್ಟು ಸುಲಭದ್ದೂ ತಿಳಿಯುವುದಿಲ್ಲವೇ?" ಎಂದಿತು. ಶಾಲೆಯ ಮೊದಲ ದಿನದಿಂದ ನಾನು ಯಾವ ಧ್ವನಿಗೆ ನಡುಗುತ್ತ ಬಂದಿದ್ದೆನೋ ಅದೇ ಗಡಸು, ಅದೇ ಬೇಸರ. ಯಾರೆಂದು ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.