ಚನ್ನಬಸವಯ್ಯನವರ ಲಿನಕ್ಸ್ ದಿಗ್ವಿಜಯ

ಹಳೇಬೀಡಿನ ಹೈಸ್ಕೂಲು ಮೇಷ್ಟ್ರು ಚನ್ನಬಸವಯ್ಯನವರಿಗೆ ಒದಗಿದ ಕಷ್ಟಕ್ಕೆಲ್ಲ ಕಾರಣ ಸ್ಟಾಫ್ ರೂಮಿನಲ್ಲಿ ಅವರ ಬಾಯಿಂದ ಜಾರಿದ ಒಂದು ಮಾತು: "ಈ ಸಲ ಇನ್‌ಕಂ ಟ್ಯಾಕ್ಸ್ ರಿಟರ್ನನ್ನ ನಮ್ಮನೆ ಲಿನಕ್ಸ್‌ನಲ್ಲೇ ಮಾಡ್ತೀನಿ. ಯಾರ ಬಾಗಿಲಿಗೂ ಬರೋನಲ್ಲ."

ಅವರ ಕಂಪ್ಯೂಟರು ನಡೆಯುತ್ತಿದ್ದದ್ದು ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸಿನ ಮೇಲೆ; ತೆರಿಗೆಯ ಸಾಫ್ಟ್‌ವೇರ್ ಓಡುತ್ತಿದ್ದದ್ದು ವಿಂಡೋಸ್‌ನಲ್ಲಿ ಮಾತ್ರ. ವಿಂಡೋಸ್ ಇದ್ದದ್ದು ಗಣಿತದ ಮೇಷ್ಟ್ರು ಶಿವಪ್ರಕಾಶನ ಮನೆಯಲ್ಲಿ; ವರ್ಷವೂ ಸ್ಟಾಫ್ ರೂಮಿನವರೆಲ್ಲ ರಿಟರ್ನಿಗೆ ಹೋಗುತ್ತಿದ್ದದ್ದು ಅಲ್ಲಿಗೇ.

"ಬರ್ತೀರಾ ಬಿಡಿ ಸಾರ್, ಕಾಫಿಗೆ ಹಾಲು ತೆಗೆದಿಟ್ಟಿರ್ತೀನಿ" ಎಂದು ಅವನು ನಕ್ಕಿದ್ದ. ಮಾತು ಉಳಿಯಬೇಕಿತ್ತು, ಇಲ್ಲವೇ ಮಾನ ಹೋಗಬೇಕಿತ್ತು.

ಕಡೆಯ ದಿನ ಶನಿವಾರ. ಸಂಜೆಯವರೆಗೆ ಬೇಲೂರಿನ ಕೌಂಟರಿನಲ್ಲಿ ರಿಟರ್ನ್ ತೆಗೆದುಕೊಳ್ಳುತ್ತಿದ್ದರು. ಬೆಳಗಿನ ಶಾಲೆ ಮುಗಿಸಿ ಬಂದ ಮೇಷ್ಟ್ರು ಕಂಪ್ಯೂಟರಿಗೆ ವಿಭೂತಿಯಿಟ್ಟು, ಕೈಮುಗಿದು ಕೂತರು. ವಿಂಡೋಸಿನ ಮಾತನ್ನು ಲಿನಕ್ಸಿಗೆ ತಿಳಿಹೇಳುವ ದುಭಾಷಿ ಪ್ರೋಗ್ರಾಮೊಂದನ್ನು ಮೊದಲೇ ತುಂಬಿಟ್ಟಿದ್ದರು. ತೆರಿಗೆಯ ಸಿ.ಡಿ. ಹಾಕಿದರೆ ಅಕ್ಷರವೊಂದೂ ಇಲ್ಲ, ಪರದೆಯ ತುಂಬ ಬರೀ ಚೌಕಗಳು.

ಮಜ್ಜಿಗೆಗೆಂದು ಬಂದ ಪಕ್ಕದ ಮನೆಯ ಬಸಮ್ಮ ಇಣುಕಿದಳು. "ಇದೇನ್ಲಾ ಚನ್ನಬಸ್ವ, ಹಾಡುಹಗಲೇ ಚೌಕಾಬಾರ ಆಡ್ತಾ ಕುಂತಿದೀಯಾ?"

"ಲೆಕ್ಕ ಕಣಜ್ಜಿ, ಸರ್ಕಾರದ ಲೆಕ್ಕ."

ಬೇರೆ ಫಾಂಟು ಹಾಕಿದ ಮೇಲೆ ಅಕ್ಷರಗಳು ಮೂಡಿದವು. ಆದರೆ ಒತ್ತಬೇಕಾದ ಓಕೆ ಬಟನ್ ಪರದೆಯ ಕೆಳಗೆಲ್ಲೋ ಅಡಗಿತ್ತು.

"ಬಟನ್ ಕೆಳಗಡೆ ಹೋಗ್ಬಿಟ್ಟೈತಲ್ಲಪ್ಪ ಶಿವನೇ!" ಎಂದು ಮೇಷ್ಟ್ರು ಗೋಳಾಡಿದ್ದೇ ತಡ, ಬಸಮ್ಮ ಸೊಂಟ ಬಗ್ಗಿಸಿ ಮೇಜಿನಡಿ ತಡಕಾಡಿ, "ಇಲ್ಲೂ ಬಿದ್ದಿಲ್ಲ ಕಣಪ್ಪ. ಅಂಗೀದಾ, ಕೋಟಿಂದಾ?" ಅಂದಳು.

ಮೇಷ್ಟ್ರು ಆಲ್ಟ್ ಕೀ ಒತ್ತಿ ಹಿಡಿದು, ಮೌಸಿನಿಂದ ಇಡೀ ಕಿಟಕಿಯನ್ನೇ ಬಾವಿಯಿಂದ ಬಿಂದಿಗೆ ಸೇದುವಂತೆ ಮೇಲಕ್ಕೆಳೆದರು. ಬಟನ್ ಬಂತು! ಲೆಕ್ಕ ಓಡಿತು! ಹೆಂಡತಿ ಅನುಸೂಯಮ್ಮ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿಬಂದರು.

ಅದೇ ಹೊತ್ತಿಗೆ ಬಾಗಿಲಲ್ಲಿ ಶಿವಪ್ರಕಾಶ. ಹಿಂದೆ ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ.

"ಸಾರ್, ನನ್ನ ವಿಂಡೋಸಿಗೆ ವೈರಸ್ ಬಡಿದು ಮಲಗ್ಬಿಟ್ಟೈತೆ. ನೀವೇ ಕಾಪಾಡ್ಬೇಕು."

ಚನ್ನಬಸವಯ್ಯನವರ ಎದೆ ಪೂರಿಯಂತೆ ಉಬ್ಬಿತು. "ಬಾರಪ್ಪಾ, ಕಾಫಿಗೆ ಹಾಲು ನಮ್ಮನೇಲೂ ಐತೆ."

"ಮೊದ್ಲು ನಮ್ದು ಮುಗಿಸ್ಕೊಳ್ರೀ" ಎಂದು ಅನುಸೂಯಮ್ಮ ಪಿಸುಗುಟ್ಟಿದರು.

"ಮನೆಗೆ ಬಂದವರನ್ನ ಕಾಯಿಸಿ ನಾವು ಮೊದ್ಲು ಉಣ್ಣೋದುಂಟೇನೇ? ಸುಮ್ನಿರು."

ಒಬ್ಬೊಬ್ಬರದೇ ಆಯಿತು. ಪ್ರಿಂಟರು ಕಬ್ಬಿನ ಗಾಣದಂತೆ ಕಿರುಗುಟ್ಟುತ್ತ ಹಾಳೆ ಉಗುಳಿತು. ಕಡೆಯವನು ಶಿವಪ್ರಕಾಶ. ಎಲ್ಲರೂ ಮೇಷ್ಟ್ರಿಗೆ ಕೈಮುಗಿದು ಬೇಲೂರು ಬಸ್ಸು ಹತ್ತಿದರು.

ಹೊತ್ತು ಇಳಿಯುತ್ತಿತ್ತು. ಹೊಸದಾಗಿ ಶಾಲೆಯ ವಿಳಾಸವೆಲ್ಲ ಬಡಿಯುತ್ತ ಕೂರುವಷ್ಟು ಪುರುಸೊತ್ತಿರಲಿಲ್ಲ. ಹಳೆಯ ಪಾಠ ಟಿಪ್ಪಣಿಗೆ ಹೊಸ ತಾರೀಖು ಹಾಕಿ ವರ್ಷಗಳಿಂದ ಪಳಗಿದ ಕೈ. ತೆರೆದಿದ್ದ ಶಿವಪ್ರಕಾಶನ ಫೈಲಿನಲ್ಲೇ ಸಂಬಳದ ಅಂಕಿಗಳನ್ನು ತಿದ್ದಿ, ಪ್ರಿಂಟು ತೆಗೆದು, ಮೇಷ್ಟ್ರು ಮುಂದಿನ ಬಸ್ಸಿಗೆ ಓಡಿದರು. ಕುಲುಕುವ ಬಸ್ಸಿನಲ್ಲೇ ಸಹಿ ಹಾಕಿದರು.

ಕೌಂಟರಿನವನು ಬೀಗ ಹಿಡಿದು ನಿಂತಿದ್ದ. "ತಡಿಯಪ್ಪಾ!" ಎಂದು ಕೂಗಿ ಹಾಳೆ ಚಾಚಿದರು. ಅವನು ನೋಡದೆಯೇ ಸೀಲು ಕುಟ್ಟಿ, ಸ್ವೀಕೃತಿ ಹರಿದುಕೊಟ್ಟು, ಅದರ ಮೇಲಿದ್ದ ಹೆಸರನ್ನೋದಿ, "ಸರಿ, ಹೋಗ್ಬನ್ನಿ ಶಿವಪ್ರಕಾಶ್ ಅವರೇ" ಎಂದು ಬಾಗಿಲೆಳೆದುಕೊಂಡ.

ಮೇಷ್ಟ್ರು ಚೀಟಿ ನೋಡಿಕೊಂಡರು. ಸಂಬಳ ತಮ್ಮದು. ಹೆಸರು ಅವನದು. ಬೀಗ ಬಿದ್ದಾಗಿತ್ತು.

ಹೊರಗೆ ಕಾದಿದ್ದ ಸಹೋದ್ಯೋಗಿಗಳು ಅಷ್ಟರಲ್ಲಿ ಒಂದು ಮಲ್ಲಿಗೆ ಹಾರ ತಂದು ಅವರ ಕೊರಳಿಗೆ ಹಾಕಿಯೇಬಿಟ್ಟರು. "ಇನ್ಮೇಲೆ ವರ್ಷಾ ವರ್ಷಾ ಮೇಷ್ಟ್ರ ಲಿನಕ್ಸೇ!" ಎಂದು ಶಿವಪ್ರಕಾಶ ಚಪ್ಪಾಳೆ ತಟ್ಟಿದ. "ಎಲ್ಲಾರ್ದೂ ಸುಸೂತ್ರ ಆಯ್ತಲ್ವಾ ಸಾರ್?"

ಚನ್ನಬಸವಯ್ಯ ಚೀಟಿಯನ್ನು ಜೇಬಿಗೆ ಸೇರಿಸಿ, ಹಾರ ಸರಿಪಡಿಸಿಕೊಂಡು, ಪ್ರಶಾಂತವಾಗಿ ನಕ್ಕರು.

"ಆಯ್ತು ಕಣಪ್ಪಾ. ನಿನ್ನದಂತೂ ಎರಡು ಸಲ."