ಅತ್ತೆಯ ಬೊಚ್ಚುಬಾಯಿ, ಅಳಿಯನ ನೂಡಲ್ಸ್ ಸೂಪು

ಅಡುಗೆ ಬಾರದವನು ಒಲೆಯ ಕಡೆ ಹೋದರೆ ಏನಾದರೊಂದು ಆಗಿಯೇ ತೀರುತ್ತದೆ. ನಮ್ಮ ಮನೆಯಲ್ಲಿ ಅದು ಹೆಚ್ಚುಕಡಿಮೆ ದಿನಾ ಆಗುತ್ತಿತ್ತು. ಮಾಡುವವನು ನಾನೇ ಅನ್ನುವುದೊಂದನ್ನು ಬಿಟ್ಟರೆ, ನೋಡುವವರಿಗೆ ಒಳ್ಳೆಯ ಮೋಜೇ.

ದೇವದುರ್ಗದಿಂದ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಹಲ್ಲು ತೋರಿಸಲು ರಾಯಚೂರಿನ ನಮ್ಮ ಮನೆಗೆ ಬಂದಿದ್ದರು. ಡಾಕ್ಟರು ಉಳಿದ ಹಲ್ಲನ್ನೆಲ್ಲ ಕಿತ್ತು, ಒಸಡು ಮಾಯ್ದ ಮೇಲೆ ಹಲ್ಲಿನ ಸೆಟ್ಟು ಕೂಡಿಸುತ್ತೇನೆ, ಅಲ್ಲಿಯವರೆಗೆ ಮೆತ್ತಗಿನದನ್ನೇ ಕೊಡಿ ಎಂದರು. ಅತ್ತೆಯೋ, ಜೋಳದ ರೊಟ್ಟಿ ಇಲ್ಲದ್ದನ್ನು ಊಟ ಎಂದು ಒಪ್ಪಿಕೊಂಡವರೇ ಅಲ್ಲ. ಗಂಜಿ ಕೊಟ್ಟರೆ "ನನಗೇನ್ ಜ್ವರ ಬಂದಾವೇನು?" ಎಂದು ಬಟ್ಟಲು ದೂಡುತ್ತಿದ್ದರು. ದಿನದಿಂದ ದಿನಕ್ಕೆ ಸೊರಗತೊಡಗಿದರು.

ಹೆಂಡತಿಗೆ ಅದೇ ಚಿಂತೆ. "ನನ್ನ ತಮ್ಮ ಬಂದು ನೋಡಿದ್ರ ಏನಂದಾನ್ರಿ? ಮಗಳ ಮನ್ಯಾಗ ಅವ್ವಗ ಕೂಳು ಹಾಕಿಲ್ಲ ಅಂತ ದೇವದುರ್ಗ ತುಂಬಾ ಸುದ್ದಿ ಆಗ್ತದ." ಅವಳು ಮಾನ್ವಿಯ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ಬೇಗ ಮನೆಗೆ ಬರುವವನು. ಹಾಗಾಗಿ ಅತ್ತೆಯ ಹೊಟ್ಟೆ ನನ್ನ ಪಾಲಿಗೆ ಬಂತು. ಒಂದು ಸ್ಲೋ ಕುಕ್ಕರ್ ತರಿಸಿದೆವು. ಬೆಳಿಗ್ಗೆ ತರಕಾರಿ, ನೀರು ಹಾಕಿ ಸ್ವಿಚ್ ಒತ್ತಿದರೆ ಸಂಜೆಗೆ ಸೂಪು. ಕೊನೆಗೆ ನೂಡಲ್ಸ್ ಹಾಕಿದರೆ ಮುಗಿಯಿತು.

ಇನ್ನೊಂದು ತೊಡಕಿತ್ತು. ನಮ್ಮ ಅತ್ತೆ ಹಳೆಯ ಕಾಲದವರು. ಅಳಿಯನ ಮುಖ ನೋಡಿ ಮಾತಾಡುವುದಿಲ್ಲ, ಅಳಿಯನ ಎದುರು ಕೂತು ಉಣ್ಣುವುದಿಲ್ಲ. ನನಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. ಹಲ್ಲು ಹೋದ ಮೇಲಂತೂ ಬಾಯಿಗಿಟ್ಟ ಸೆರಗು ಇಳಿಯಲೇ ಇಲ್ಲ.

ಸೀಟಿ ಇಲ್ಲದ ಕುಕ್ಕರ್

ಮೊದಲ ದಿನ ಗಜ್ಜರಿ, ಬೀನ್ಸ್, ಟೊಮೆಟೊ, ಬೆಳ್ಳುಳ್ಳಿ ಎಲ್ಲ ಹಾಕಿ, ಸ್ವಿಚ್ ಒತ್ತಿ ಕಾಲೇಜಿಗೆ ಹೋದೆ. ಬಂದು ನೋಡಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಹಸಿ ಗಜ್ಜರಿ ತೇಲುತ್ತಿತ್ತು. ಸ್ವಿಚ್ ಆರಿತ್ತು.

ಅತ್ತೆ ಮೂಲೆಯಲ್ಲಿ ಕೂತು ಗೋಡೆಗೆ ವರದಿ ಒಪ್ಪಿಸಿದರು. "ಕುಕ್ಕರ್ ಅಂದ್ರು, ಸೀಟಿ ಬಡೀತದ ಅಂತ ಮುಂದ ಕುಂತೆ. ಮಧ್ಯಾಹ್ನ ಆತು, ಒಂದರ ಬಡೀಲಿಲ್ಲ. ಮುಟ್ಟಿ ನೋಡಿದ್ರ ಸುಡವಲ್ದು. ಕೆಟ್ಟದ್ದಕ್ಕ ಸುಮ್ನ ಯಾಕ ಕರೆಂಟು ಸುಡೂದು ಅಂತ ಆರಿಸೀನಿ."

ಇದಕ್ಕೆ ಸೀಟಿ ಇರುವುದಿಲ್ಲ, ನಿಧಾನವಾಗಿ ಬೇಯಿಸುವುದೇ ಇದರ ಕೆಲಸ ಎಂದು ನಾನೂ ಗೋಡೆಗೇ ವಿವರಿಸಿದೆ. ಅತ್ತೆ ಕುಕ್ಕರನ್ನೊಮ್ಮೆ ನೋಡಿ ಮತ್ತೆ ಗೋಡೆಯ ಕಡೆ ತಿರುಗಿದರು.

"ನಿಧಾನ ಬೇಯ್ಸಾಕ ಮನ್ಯಾಗ ಮೊದ್ಲ ಅಳಿಯಂದಿರಿದ್ರಲ್ಲ, ಮತ್ತ ಇದ್ಯಾಕ ತಂದ್ರು?"

ಮುಚ್ಚಳದ ಚೀಟಿ

ಸ್ಲೋ ಕುಕ್ಕರಿನ ಮುಚ್ಚಳ ತೆಗೆದರೆ ಒಳಗಿನ ಕಾವು ಹೋಗುತ್ತದೆ, ಮತ್ತೆ ಏರಲು ಬಹಳ ಹೊತ್ತು ಬೇಕು. ಆದರೆ ನಮ್ಮ ಓಣಿಯಲ್ಲಿ ಇನ್ನೊಬ್ಬರ ಮನೆಗೆ ಹೋದವರು ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು "ಏನ್ ಮಾಡೀರಿ?" ಎಂದು ಕೇಳದಿದ್ದರೆ ಅದು ಮುನಿಸಿನ ಲಕ್ಷಣ. ಹಾಲಿನವಳು ತೆಗೆದಳು. ಮೇಲಿನ ಮನೆಯ ಮೇಷ್ಟ್ರು ಪೇಪರ್ ಕೇಳಲು ಬಂದು ತೆಗೆದರು. ಸಂಜೆಗೆ ಬೀನ್ಸ್ ಕಟುಂ ಎನ್ನುತ್ತಿತ್ತು.

ನನಗೆ ಸಿಟ್ಟು ಬಂತು. ದೊಡ್ಡ ಅಕ್ಷರದಲ್ಲಿ "ಮುಚ್ಚಳ ತೆಗೆಯಬಾರದು" ಎಂದು ಬರೆದು ಅದರ ಮೇಲೆಯೇ ಅಂಟಿಸಿದೆ.

ಮರುದಿನ ಬಂದರೆ ಪಕ್ಕದ ಮನೆಯ ಖಾಲಾ ಮುಚ್ಚಳವನ್ನು ಕೈಯಲ್ಲಿ ಹಿಡಿದು ಚೀಟಿ ಓದುತ್ತಿದ್ದರು. "ಖಾಲಾ, ಬರದದ್ದು ನೋಡ್ಲಿಲ್ಲೇನ್ರಿ?" ಎಂದೆ.

"ನೋಡೀನಿ ಬೇಟಾ. ತೆಗೀಬಾರ್ದಂಥಾದ್ದು ಏನ್ ಇಟ್ಟೀರಿ ಅಂತ ತೆಗದೆ. ಬರೇ ಗಜ್ಜರಿ ಅದ!"

ಚೀಟಿ ಅಂಟಿಸುವ ಮೊದಲು ಮನೆಗೆ ಬಂದವರಷ್ಟೇ ಮುಚ್ಚಳ ತೆಗೆಯುತ್ತಿದ್ದರು. ಅಂಟಿಸಿದ ಮೇಲೆ ಮುಚ್ಚಳ ತೆಗೆಯಲೆಂದೇ ಮನೆಗೆ ಬರತೊಡಗಿದರು.

ಶಾವಿಗೆಗೆ ಬೆಳ್ಳುಳ್ಳಿ

ಒಂದು ದಿನ ಎಲ್ಲ ಸರಿಯಾಗಿ ಕೂಡಿ ಬಂತು. ತರಕಾರಿ ಬೆಣ್ಣೆಯಂತೆ ಬೆಂದಿತ್ತು. ನೂಡಲ್ಸ್ ಹಾಕಿ, ಮುಖ ತೊಳೆದು ಬರುತ್ತೇನೆಂದು ಬಚ್ಚಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ನನ್ನ ತಟ್ಟೆಗೆ ಬಡಿಸಿಟ್ಟು ಮರೆಗೆ ಸರಿದಿದ್ದರು.

ಬಾಯಿಗೆ ಇಟ್ಟೆ. ಬೆಲ್ಲ, ಹಾಲು, ತುಪ್ಪ, ಅದರ ಹಿಂದಿನಿಂದ ಬೆಳ್ಳುಳ್ಳಿ. ಟೊಮೆಟೊಗೆ ಹಾಲು ಒಡೆದು ಗಂಟುಗಂಟಾಗಿತ್ತು.

ಬಾಗಿಲ ಹಿಂದಿನಿಂದ ಗೋಡೆಗೆ ಮಾತು ಬಂತು. "ಅಳಿಯಂದಿರ ತಾಟಿಗೆ ಶಾವಿಗಿ ಬೆಲ್ಲ ಇಲ್ದ ಹೆಂಗ ಹಾಕೂದು? ಪಾಪ, ಗಂಡಸ್ರು, ಮರ್ತಾರ. ಬೆಳ್ಳುಳ್ಳಿ ಬ್ಯಾರೆ ಬಿದ್ದಿತ್ತು. ಹೇಳಿದ್ರ ನಾಚ್ಕೊಂಡಾರು ಅಂತ ನಾನ ಸುದ್ದ ಮಾಡೀನಿ."

ಆಗ ಮಾನ್ವಿಯಿಂದ ಬಂದ ಹೆಂಡತಿ ಒಂದು ಚಮಚ ರುಚಿ ನೋಡಿದಳು. ಕಣ್ಣು ಮುಚ್ಚಿ ನುಂಗಿದಳು. ನನ್ನ ಕಿವಿಯ ಹತ್ತಿರ ಬಂದು, "ನಿಮ್ಮ ಅತ್ತಿ, ನಿಮ್ಮ ಮರ್ಯಾದಿ. ಉಣ್ರಿ" ಎಂದು ಒಳಗೆ ಹೋದಳು.

ತಟ್ಟೆ ಖಾಲಿ ಮಾಡಿ, "ಭಾಳ ಚಂದ ಆಗ್ಯದ" ಎಂದು ಗೋಡೆಗೆ ಹೇಳಿದೆ. ಗೋಡೆ ಅದನ್ನು ತಲುಪಿಸಿತು. ಮರುದಿನವೂ ಅತ್ತೆ ಅದನ್ನೇ ಮಾಡಿಟ್ಟರು.

ಉದ್ದನೆಯ ಎಳೆ

ಇಷ್ಟೆಲ್ಲ ಆದರೂ ಅತ್ತೆಯ ಹೊಟ್ಟೆಗೆ ಒಂದು ಬಟ್ಟಲೂ ಇಳಿದಿರಲಿಲ್ಲ. ಅಷ್ಟರಲ್ಲಿ ಹೆಂಡತಿಯ ತಮ್ಮನಿಂದ ಫೋನು ಬಂತು. ಭಾನುವಾರ ಅವ್ವನನ್ನು ನೋಡಲು ಬರುತ್ತಾನಂತೆ. ಹೆಂಡತಿಯ ಮುಖ ಸಣ್ಣದಾಯಿತು. ನಿಜ ಹೇಳಬೇಕೆಂದರೆ, ನನಗೂ ಸಂಕಟವಾಯಿತು.

ಭಾನುವಾರ ಹೆಂಡತಿ ಒಂದು ಉಪಾಯ ಹೇಳಿದಳು. "ನೀವು ಒಳಗಿದ್ರ ಅವ್ವ ಬಾಯಿ ತೆರ್ಯಂಗಿಲ್ಲ. ಸೂಪು ಮಾಡಿಟ್ಟು ಹೊರಗ ಹೋಗ್ರಿ."

ನಾನು ನೂಡಲ್ಸನ್ನು ಮುರಿಯದೆ ಇಡಿ ಇಡಿಯಾಗಿ ಹಾಕಿ, ಬೆಂದ ಮೇಲೆ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸುರ್ ಎಂಬ ಸದ್ದು. ಮತ್ತೊಂದು ಸುರ್. ಅತ್ತೆ ಉಣ್ಣುತ್ತಿದ್ದರು! ನನಗಾದ ಖುಷಿ ಅಷ್ಟಿಷ್ಟಲ್ಲ.

ಆಗಲೇ ಹೆಂಡತಿಯ ತಮ್ಮ ಬಂದಿಳಿದ. ಕೈಯಲ್ಲಿ ಒಂದು ಗಂಟು. "ಅವ್ವಗ ಕಟಿ ರೊಟ್ಟಿ ತಂದೀನಿ ಮಾಮಾ. ರೊಟ್ಟಿ ಅಂದ್ರ ಆಕಿಗಿ ಜೀಂವ" ಎಂದ. ಹಲ್ಲಿಲ್ಲದ ತಾಯಿಗೆ ಹಪ್ಪಳದಂಥ ಒಣ ರೊಟ್ಟಿ ತಂದವನಿಗೆ ಏನು ಹೇಳುವುದು? ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊರಗ ಯಾಕ ಕುಂತೀರಿ? ಅವ್ವ ಏನರ ಉಣ್ಣಾಕತ್ತಾಳೋ ಇಲ್ಲೋ?" ಎಂದ. ದನಿಯಲ್ಲಿ ಸಂಶಯವಿತ್ತು.

"ನೀನ ಬಂದು ನೋಡಪ್ಪ" ಎಂದು ಜಂಬದಿಂದ ಅವನನ್ನು ಒಳಗೆ ಕರೆದುಕೊಂಡು ಹೋದೆ. ನಾನು ಒಳಗೆ ಹೋಗಬಾರದು ಎನ್ನುವುದು ಆ ಜಂಬದಲ್ಲಿ ಮರೆತೇ ಹೋಯಿತು.

ಅತ್ತೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕೂತಿದ್ದರು. ಸೆರಗು ಹೆಗಲಿಗೆ ಜಾರಿತ್ತು. ತುಟಿಯಿಂದ ಬಟ್ಟಲಿನವರೆಗೆ ಒಂದು ನೂಡಲ್ಸ್ ಎಳೆ ನೇತಾಡುತ್ತಿತ್ತು. ನನ್ನನ್ನು ಕಂಡು ಅವರ ಕಣ್ಣುಗಳು ಅಗಲವಾದವು.

ಕಡಿದು ಬಿಡೋಣವೆಂದರೆ ಹಲ್ಲಿಲ್ಲ. ಅಳಿಯನ ಎದುರು ಉಗುಳುವಂತಿಲ್ಲ. ಸೆರಗು ಎಳೆಯೋಣವೆಂದರೆ ಕೈ ಖಾಲಿ ಇಲ್ಲ. ಉಳಿದದ್ದು ಒಂದೇ ದಾರಿ. ನನ್ನನ್ನೇ ನೋಡುತ್ತ ಎಳೆದರು. ಎಳೆ ಮುಗಿಯಲಿಲ್ಲ. ಉಸಿರು ತೆಗೆದುಕೊಂಡು ಮತ್ತೆ ಎಳೆದರು. ಹೆಂಡತಿ ಗೋಡೆಯ ಕಡೆ ತಿರುಗಿ ಮೈ ಕುಲುಕಿಸುತ್ತಿದ್ದಳು. ಅವಳ ತಮ್ಮ ಗಂಟು ಹಿಡಿದು ನಿಂತೇ ಇದ್ದ. ಕೊನೆಗೆ ಎಳೆಯ ಬಾಲ ಒಮ್ಮೆ ಮೂಗಿಗೆ ಬಡಿದು ಒಳಗೆ ಹೋಯಿತು.

ಅತ್ತೆ ಬಟ್ಟಲು ಕೆಳಗಿಟ್ಟರು. ಮದುವೆಯಾದಾಗಿನಿಂದ ಮೊದಲ ಸಲ, ಗೋಡೆಯನ್ನು ಬಿಟ್ಟು ನನ್ನ ಮುಖ ನೋಡಿ ಮಾತಾಡಿದರು.

"ರುಚಿ ಆಗ್ಯದ ಅಳಿಯಂದಿರ. ನಾಳಿಂದ ಎಳಿ ಅಷ್ಟು ಮುರುದು ಹಾಕ್ರಿ, ನನ್ನ ಮರ್ಯಾದಿ ಉಳೀತದ."