ಮೂರರ ಎಳೆ ಹರಿದರೆ ಐದು ನಿಲ್ಲುತ್ತಿತ್ತು

ಯಂತ್ರಕ್ಕೂ ಕಂಪ್ಯೂಟರಿಗೂ ಮಾತು ಕೂಡಿಸುವುದು ನನ್ನ ಕಸುಬು. ಅವು ಕೈಕೊಡುವುದು, ನಾನು ಬೆವರುವುದು ತಿಂಗಳಿಗೊಮ್ಮೆಯಾದರೂ ಇದ್ದದ್ದೇ. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೆ.

ಸಂತಾಪ

ಬನಹಟ್ಟಿಯ ಮಾಲಕರೊಬ್ಬರ ಆರು ಪವರ್‌ಲೂಮಿಗೆ ನನ್ನ ಪೆಟ್ಟಿಗೆಯೊಂದನ್ನು ಹಚ್ಚಿದ್ದೆ. ಸೀರೆಯ ಎಳೆ ಹರಿದರೆ ತಂತಿಯೊಂದು ಪೆಟ್ಟಿಗೆಗೆ ಕೂಗು ಹಾಕಬೇಕು, ಪೆಟ್ಟಿಗೆ ಆ ಮಗ್ಗ ನಿಲ್ಲಿಸಬೇಕು. ಆ ಕೂಗಿಗೆ ನಾವು ಇಂಟರಪ್ಟ್ ಅನ್ನುತ್ತೇವೆ. ಮೊದಲ ದಿನವೇ ಮೂರನೇ ಮಗ್ಗದ ಎಳೆ ಹರಿಯಿತು, ಐದನೆಯದು ನಿಂತಿತು! ಮೂರನೆಯದು ಕೆಟ್ಟ ಸೀರೆಯನ್ನೇ ಖುಷಿಯಿಂದ ನೇಯುತ್ತಿತ್ತು.

"ಇದೇನ್ರಿ ಸಾಹೇಬ್ರ?" ಮಾಲಕರು ಕೇಳಿದರು.

"ಮೂರನೇದಕ್ಕ ಹಿಂಗಾತಲ್ಲಂತ ಐದನೇದು ಮರುಗಿ ನಿಂತೈತ್ರಿ."

"ಸತ್ತವ್ರ ಮನ್ಯಾವ್ರ ಕುಣ್ಯಾಕತ್ತಾರಲ್ರಿ!"

ಸುಧಾರಣೆ

ತಪ್ಪು ನನ್ನದೇ. ತಂತಿಗೆ ಹೊರಗೊಂದು ನಂಬರು, ಪೆಟ್ಟಿಗೆಯ ಆಪರೇಟಿಂಗ್ ಸಿಸ್ಟಮ್ ಒಳಗೆ ಇನ್ನೊಂದು. ಒಳಗಿನದು ಬದಲಾಗುತ್ತಿರುತ್ತದೆ. ಪ್ರತಿಸಲ ಸಿಸ್ಟಮ್ಮನ್ನೇ ಕೇಳಿ ಜೋಡಿಸುವಂತೆ ಡ್ರೈವರ್ ಎಂಬ ಪ್ರೋಗ್ರಾಮ್ ಬರೆಯಬೇಕಿತ್ತು, ನಾನು ಹಳೇ ನಂಬರನ್ನೇ ಬರೆದು ಕೂತಿದ್ದೆ. ತಿದ್ದಿದೆ. ಈಗ ಮೂರರ ಎಳೆ ಹರಿದರೆ ನಾಲ್ಕು ನಿಂತಿತು.

"ಐದರಿಂದ ನಾಕಕ್ಕ ಬಂತ್ರಿ, ಸುಧಾರಿಸಾಕತ್ತೈತಿ," ಅಂದೆ.

ಮಾಲಕರು ನಗಲಿಲ್ಲ. "ನಾಳೆ ಮುಂಜಾನಿ ನಾನ ಎಳಿ ಕತ್ತರಸ್ತೇನಿ. ತಪ್ಪಿದ್ರ ಪೆಟ್ಟಿಗಿ ಕಿತ್ಗೊಂಡು ನಿಮ್ಮೂರು ಮುಧೋಳಕ್ಕ ನಡೀರಿ. ಮತ್ತ ಈ ಓಣ್ಯಾಗ ಕಾಲಿಡಬ್ಯಾಡ್ರಿ."

ಮೂರನೇ ಮಗ್ಗ ನಡೆಸುವ ಅಕ್ಕನನ್ನು ಕೇಳಿದೆ: "ಮಗ್ಗ ಹೆಂಗ ಎಣಸ್ತೀರಿ ಅಕ್ಕಾ?"

"ಆ ತುದಿ ದೇವ್ರ ಫೋಟೋದ ಕಡಿಂದ, ತಮ್ಮಾ. ಪೂಜಿ ಮೊದಲ ಅಲ್ಲೇ ಆಗೂದು. ಎಳಿ ನೋಡೋ ತಂತಿ ಹಂಗ ಎಣಿಸೇ ಹಚ್ಚೇವಿ. ನೀ?"

ಮಗ್ಗ ನಿಲ್ಲಿಸುವ ತಂತಿ ಹಚ್ಚಿದವನು ನಾನು. "ನಾ ಈ ತುದಿ ಬಾಗಿಲದಿಂದ ಎಣಿಸೇನಿ ಅಕ್ಕಾ."

"ಹೌದ್ಬಿಡು, ಓಡಿಹೋಗಾಕ ಅದ ಸಮೀಪ."

ಪರೀಕ್ಷೆ

ಪೆಟ್ಟಿಗೆಯೊಳಗಿನ ಮಗ್ಗಗಳ ಪಟ್ಟಿಯನ್ನು ತಿರುವುಮುರುವು ಮಾಡಿದೆ. ಮುಂಜಾನೆ ಮಾಲಕರು ಕತ್ತರಿ ಹಿಡಿದು ಮೂರನೇ ಮಗ್ಗದ ಮುಂದೆ ನಿಂತರು. ಅಕ್ಕ ಪಕ್ಕದಲ್ಲೇ ಇದ್ದಳು. ನಾನು ಕತ್ತರಿಯನ್ನೇ ನೋಡುತ್ತ ನಿಂತೆ. ಕಚ್! ಮಗ್ಗ ನಿಂತಿತು. ಮೂರನೆಯದೇ!

"ಭಾಳ ಛಲೋ ಆತು! ರಬಕವಿಯೊಳಗ ನಮ್ಮ ಬೀಗರ ಎಂಟೂ ಮಗ್ಗಕ್ಕ ಇದನ್ನ ಹಚ್ರಿ," ಎಂದು ಮಾಲಕರು ಬೆನ್ನು ತಟ್ಟಿ ಹೋದರು.

ಹಿಗ್ಗಿ ಪೆಟ್ಟಿಗೆಯತ್ತ ತಿರುಗಿದರೆ ಅದರಲ್ಲಿ ದೀಪವೇ ಇಲ್ಲ. ಪ್ಲಗ್ ಕೆಳಗೆ ಬಿದ್ದಿದೆ. ಅದರ ಜಾಗದಲ್ಲಿ ಅಕ್ಕನ ಮೊಬೈಲು ಚಾರ್ಜ್ ಆಗುತ್ತಿದೆ.

"ಅಕ್ಕಾ, ಹಂಗಾದ್ರ ಮಗ್ಗ ನಿಲ್ಲಿಸಿದವ್ರು ಯಾರು?"

"ನಾನ. ನಿನ್ನ ಮಾರಿ ನೋಡಿ ಕೆಟ್ಟ ಅನಿಸ್ತು, ಹಿಡಿಕಿ ಜಗ್ಗಿಬಿಟ್ಟೆ." ಹರಿದ ಎಳೆಗೆ ಗಂಟು ಹಾಕುತ್ತ ಅಕ್ಕ ಅಂದಳು, "ಆದ್ರ ರಬಕವಿಗೆ ನಾ ಬರಂಗಿಲ್ಲ ಮತ್ತ."